ಕಡತದಲ್ಲಿ ನನ್ನ ತಾಯಿಯ ಹೆಸರು ಇದೆಯೇ?

ಹಳೆಯ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕಸುಬು. ಎಳೆಗೂಸಾಗಿದ್ದಾಗ ಕರ್ನಾಟಕದಿಂದ ಹೊರದೇಶಕ್ಕೆ ದತ್ತು ಹೋದವರು ನಡುವಯಸ್ಸಿನಲ್ಲಿ ಕಡತ ಹಿಡಿದು ಬರುತ್ತಾರೆ. ಕಟ್ಟು ಬಿಚ್ಚುವ ಮೊದಲೇ ಕೇಳುತ್ತಾರೆ: “ಇದರಲ್ಲಿ ನನ್ನ ತಾಯಿಯ ಹೆಸರು ಇದೆಯೇ?” ಇಲ್ಲಿಯೇ ದತ್ತು ಮನೆಯಲ್ಲಿ ಬೆಳೆದವರೂ ಅದನ್ನೇ ಕೇಳುತ್ತಾರೆ.

ತಾಯಿಯೇ ಮಗುವನ್ನು ಒಪ್ಪಿಸಿದ್ದರೆ ಇರಬಹುದು. ಆಗ ಒಪ್ಪಿಗೆ ಪತ್ರವೊಂದು ಇರಬೇಕು, ಅದರ ಕೆಳಗೆ ಸಹಿಯೋ ಹೆಬ್ಬೆಟ್ಟಿನ ಗುರುತೋ ಇರಬೇಕು. ಬಸ್ ನಿಲ್ದಾಣದಲ್ಲೋ ಗುಡಿಯ ಜಗಲಿಯಲ್ಲೋ ಸಿಕ್ಕ ಮಗುವಾದರೆ ಹೆಸರನ್ನು ನಿರೀಕ್ಷಿಸಬೇಡಿ. ಅಂಥ ಕಡತದಲ್ಲಿ ಸಿಗುವುದು ಪೊಲೀಸ್ ಠಾಣೆಯ ಪತ್ರ, ಆಶ್ರಮದ ದಾಖಲಾತಿ ಪುಸ್ತಕದ ಒಂದೆರಡು ಸಾಲು.

ಆ ಸಾಲುಗಳನ್ನು ಬಿಡಬೇಡಿ. ಒಬ್ಬ ಮಹಿಳೆಯ ಇಂಗ್ಲಿಷ್ ವರದಿಯಲ್ಲಿ, ಮಗುವನ್ನು ಚಿಂದಿಯಲ್ಲಿ ಸುತ್ತಿ ಬಿಟ್ಟಿದ್ದರು ಎಂದು ಬರೆದಿತ್ತು. ನಲವತ್ತು ವರ್ಷ ಅವರು ಅದನ್ನೇ ನಂಬಿದ್ದರು. ದಾಖಲಾತಿ ಪುಸ್ತಕದ ಕನ್ನಡ ಸಾಲು ಬೇರೆಯೇ ಇತ್ತು: “ಹೆಣ್ಣು ಶಿಶು, ಸುಮಾರು ಐದು ದಿನ, ಹಸಿರು ಅಂಚಿನ ಹಳೆ ಸೀರೆಯಲ್ಲಿ ಸುತ್ತಿದೆ.” ಹಳೆ ಸೀರೆ ಎಂದರೆ ಚಿಂದಿಯಲ್ಲ. ಹೊಸ ಬಟ್ಟೆ ಮೈಗೆ ಒತ್ತುತ್ತದೆಂದು ನಮ್ಮಲ್ಲಿ ಬಾಣಂತಿಯ ಮನೆಯವರು ಒಗೆದು ಒಗೆದು ಮೆತ್ತಗಾದ ಹತ್ತಿಯ ಸೀರೆಯನ್ನೇ ಹರಿದು ಕೂಸಿಗೆ ಸುತ್ತುತ್ತಾರೆ. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಯಾರೋ ಅವಸರದಲ್ಲಿ ಮಾಡಿದ ಅನುವಾದ ಒಬ್ಬಳು ತಾಯಿಯ ಮೇಲೆ ಇಷ್ಟು ಕಾಲ ಸುಳ್ಳು ಹೊರಿಸಿತ್ತು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಎಲ್ಲಿ ಕೇಳಬೇಕು? ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ, ಅಂದರೆ ಎಲ್ಲರೂ ‘ಕಾರಾ’ ಎನ್ನುವ ಸಂಸ್ಥೆಗೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. 18 ತುಂಬಿದವರು ತಾವೇ ಹಾಕಬಹುದು, ಚಿಕ್ಕವರು ದತ್ತು ತಂದೆತಾಯಿಯ ಜೊತೆ ಸೇರಿ ಹಾಕಬೇಕು. ಮೂರನೆಯವರು ಹುಡುಕುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ “ನೀವೇ ಹೋಗಿ ವಿಚಾರಿಸಿ” ಎಂದರೆ ನಾನು ಒಪ್ಪುವುದಿಲ್ಲ. ಆಶ್ರಮ ಮುಚ್ಚಿಹೋಗಿದ್ದರೆ ನ್ಯಾಯಾಲಯದ ಕಡತ ನೆನಪಿರಲಿ. ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ವಿದೇಶಿ ದತ್ತಿಗೆ ಕಟ್ಟುಪಾಡು ಹಾಕುವ ಮೊದಲೂ ವಿದೇಶಿಯರು 1890ರ ಪೋಷಕತ್ವ ಕಾಯ್ದೆಯಡಿ ನ್ಯಾಯಾಲಯದಿಂದ ಆದೇಶ ಪಡೆದು ಮಗುವನ್ನು ಕರೆದೊಯ್ಯುತ್ತಿದ್ದರು.

ತಾಯಿ ತನ್ನ ಗುರುತು ಹೇಳಬೇಡಿ ಎಂದು ಕೇಳಿಕೊಂಡಿದ್ದರೆ ಅವಳ ಲಿಖಿತ ಒಪ್ಪಿಗೆ ಬೇಕು. ಅವಳು ಒಲ್ಲೆ ಎಂದರೆ, ಅಥವಾ ಸಿಗದೇ ಹೋದರೆ, ಯಾವ ಸ್ಥಿತಿಯಲ್ಲಿ ಮಗುವನ್ನು ಒಪ್ಪಿಸಿದಳು ಎಂಬುದನ್ನಷ್ಟೇ ತಿಳಿಸುತ್ತಾರೆ. ಬಂದವರಿಗೆ ಇದು ಕ್ರೂರವೆನಿಸುತ್ತದೆ. ನನಗೆ ಇದು ಸರಿ ಎನಿಸುತ್ತದೆ. ಗಂಡನಿಗೂ ಮಕ್ಕಳಿಗೂ ಹೇಳದೆ ಒಳಗೇ ಇಟ್ಟುಕೊಂಡ ಸಂಗತಿಯನ್ನು ಯಾರೋ ಬಂದು ಅಂಗಳದಲ್ಲಿ ನಿಂತು ಕೂಗಿದರೆ ಅವಳು ಎಲ್ಲಿಗೆ ಹೋಗಬೇಕು?

ಅರ್ಜಿಯಲ್ಲಿ ಒಂದು ಸಾಲು ತಪ್ಪದೆ ಸೇರಿಸಿ: ಇಂಗ್ಲಿಷ್ ವರದಿಯ ಜೊತೆಗೆ ಕನ್ನಡ ಮೂಲದ ನೆರಳಚ್ಚು ಪ್ರತಿಯೂ ಬೇಕು, ದಾಖಲಾತಿ ಪುಸ್ತಕದ ಆ ಪುಟವೂ ಅದರಲ್ಲಿ ಇರಬೇಕು.