ರಾಗಿ ಹಿಟ್ಟಿನ ಮೇಲೆ ಐದು ಬೆರಳು

ರಾತ್ರಿ ಹನ್ನೊಂದಾದರೆ ಸಾಕು, ನಮ್ಮ ತಲೆಯ ಮೇಲೆ ಧಡಧಡ ಶುರುವಾಗುತ್ತಿತ್ತು. ಮಲ್ಲೇಶ್ವರದ ನಮ್ಮ ಮನೆ ಅಜ್ಜನ ಕಾಲದ್ದು. ಮೇಲೆ ಮಂಗಳೂರು ಹಂಚು, ಕೆಳಗೆ ಮರದ ಹಲಗೆ, ನಡುವೆ ಒಬ್ಬರು ತೆವಳುವಷ್ಟು ಜಾಗ. ಇಲಿ ಅಂದುಕೊಂಡೆ. "ಇಲಿ ಇಷ್ಟು ಭಾರ ಇರುತ್ತೇನೋ?" ಅಂದರು ಅಮ್ಮ. ಹಾಗಾದರೆ ಬೆಕ್ಕು ಅಂದೆ.

ನುಸಿ ಗುಳಿಗೆ ಎಸೆದೆ. ಒಣಮೆಣಸಿನಕಾಯಿ ಹೊಗೆ ಹಾಕಿದೆ. ಕೆಮ್ಮಿದ್ದು ನಾವೇ. ಹಲಗೆಯಲ್ಲಿ ಹಳದಿ ಕಲೆ ಮೂಡಿ ಮನೆಯೆಲ್ಲ ಗಬ್ಬು ನಾರತೊಡಗಿದಾಗ, ಪ್ರಾಣಿ ರಕ್ಷಣೆ ಮಾಡುವ ಒಬ್ಬ ಹುಡುಗನನ್ನು ಕರೆಸಿದೆ.

ಅವನು ಅಟ್ಟದ ಕಡೆ ನೋಡಲೇ ಇಲ್ಲ. "ಹಿತ್ತಲಲ್ಲಿ ಸಪೋಟ ಮರ ಇದೆಯಾ ಸಾರ್?" ಅಂದ. ಇತ್ತು. ತಾರಸಿಯ ಮೂಲೆಯಲ್ಲಿ ಬಿದ್ದಿದ್ದ ಹಿಕ್ಕೆ ತೋರಿಸಿದ. ತುಂಬ ಸಪೋಟ ಬೀಜ. ಆಮೇಲೆ ಅಮ್ಮನ ಹತ್ತಿರ ರಾಗಿ ಹಿಟ್ಟು ಕೇಳಿ, ಸೂರಿನ ಸಂದಿಯ ಹತ್ತಿರ ತೆಳ್ಳಗೆ ಉದುರಿಸಿ ಹೋದ. ಬೆಳಿಗ್ಗೆ ನೋಡಿದರೆ ಅಚ್ಚುಕಟ್ಟಾದ ಹೆಜ್ಜೆ ಗುರುತು. ಫೋಟೊ ಕಳಿಸಿದೆ. "ಬೆರಳು ಎಣಿಸಿ. ಬೆಕ್ಕಿಗೆ ನಾಲ್ಕೇ ಮೂಡೋದು. ಇಲ್ಲಿ ಐದಿವೆ. ಇದು ಪುನುಗು ಬೆಕ್ಕಿನ ಜಾತಿ, ಪಾಮ್ ಸಿವೆಟ್" ಅಂದ. ಹೆಸರಲ್ಲಿ ಬೆಕ್ಕು ಇದ್ದರೂ ಇದು ಬೆಕ್ಕಿನ ಕುಟುಂಬದ್ದಲ್ಲವಂತೆ. ಇದು ತಿಂದು ಹಿಕ್ಕೆಯಲ್ಲಿ ಹಾಕಿದ ಕಾಫಿ ಬೀಜಕ್ಕೆ ಜನ ಸಾವಿರಾರು ರೂಪಾಯಿ ಕೊಡುತ್ತಾರೆ ಅಂದಾಗ ಅಮ್ಮ ಮುಖ ಸಿಂಡರಿಸಿದರು.

ಗಾರೆ ಕೆಲಸದವರಿಗೆ ಆಗಲೇ ಹೇಳಿಟ್ಟಿದ್ದೆ, ಸಂದಿ ಮುಚ್ಚಿಬಿಡೋಣ ಅಂತ. ಹುಡುಗ ತಡೆದ. ಒಂದು ಹಂಚು ಸರಿಸಿ ಮೊಬೈಲ್ ಇಳಿಬಿಟ್ಟ. ಪರದೆಯ ಮೇಲೆ ಮೂರು ಮರಿಗಳು, ಒಂದರ ಮೇಲೊಂದು ಬಿದ್ದು ಮಲಗಿದ್ದವು. ಅವತ್ತು ಮುಚ್ಚಿದ್ದರೆ ಅವು ಒಳಗೇ ಸಾಯುತ್ತಿದ್ದವು. ತಾಯಿ ಹಂಚು ಕಿತ್ತಾದರೂ ನುಗ್ಗುತ್ತಿತ್ತು. ಬೋನಿಟ್ಟು ಹಿಡಿಯೋಣ ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಮತ್ತೆ, ಸಂದಿ ಹಾಗೇ ಇದ್ದರೆ ಇದು ಹೋದಮೇಲೆ ಇನ್ನೊಂದು ಬರುತ್ತದೆ, ಅಲ್ವಾ?

"ಹಗಲು ನಿದ್ದೆ ಕೆಡಿಸಿ ಸಾರ್, ಅದೇ ಜಾಗ ಬದಲಾಯಿಸುತ್ತೆ" ಅಂದ. ಅಟ್ಟಕ್ಕೆ ಒಂದು ಬಲ್ಬು, ಒಂದು ಹಳೇ ರೇಡಿಯೊ ಇಟ್ಟೆವು. ಹಗಲೆಲ್ಲ ಎಫ್‌ಎಂ. ಹಾಡಿಗಿಂತ ಜಾಹೀರಾತೇ ಜಾಸ್ತಿ, ನಾನಾಗಿದ್ದರೆ ಮೊದಲ ದಿನವೇ ಓಡುತ್ತಿದ್ದೆ. ಅದು ಮೂರು ದಿನ ತಡೆದುಕೊಂಡಿತು.

ನಾಲ್ಕನೇ ರಾತ್ರಿ ನಾನು ತಾರಸಿಯಲ್ಲಿ ದೀಪ ಆರಿಸಿ ಕೂತಿದ್ದೆ. ಸೂರಿನಿಂದ ಮೊದಲು ಮೂತಿ, ಆಮೇಲೆ ಉದ್ದನೆ ಮೈ, ಅಷ್ಟೇ ಉದ್ದದ ಬಾಲ. ಬಾಯಲ್ಲಿ ಮರಿ. ಸ್ವಲ್ಪ ಹೊತ್ತು ಗಾಳಿ ಮೂಸಿ, ಕಾಂಪೌಂಡ್ ಗೋಡೆಗೆ ಇಳಿದು, ಅಲ್ಲಿಂದ ಕೇಬಲ್ ತಂತಿ ಹತ್ತಿ ರಸ್ತೆ ದಾಟಿತು. ಕೆಳಗೆ ಒಬ್ಬ ಸ್ಕೂಟರಿನವನು ಏನೂ ಗೊತ್ತಾಗದೆ ಹೋದ. ಇನ್ನೆರಡು ಸಲ ಬಂತು. ಪ್ರತಿ ಸಲವೂ ಅದೇ ತಂತಿ. ನನಗೆ ಕಾಲು ಜೋಮು ಹಿಡಿದಿತ್ತು, ಅಲುಗಾಡಲು ಧೈರ್ಯ ಬರಲಿಲ್ಲ.

ಮತ್ತೆ ಎರಡು ರಾತ್ರಿ ಹಿಟ್ಟು ಉದುರಿಸಿದೆವು. ಹೆಜ್ಜೆ ಇರಲಿಲ್ಲ. ಹಂಚು ತೆಗೆದು ಇನ್ನೊಮ್ಮೆ ಒಳಗೆಲ್ಲ ನೋಡಿ, ಸಂದಿಗೆ ಕಬ್ಬಿಣದ ಜಾಲರಿ ಹೊಡೆಸಿದೆವು. ಹಂಚಿಗೆ ತಾಗುತ್ತಿದ್ದ ಸಪೋಟ ಕೊಂಬೆಗಳನ್ನೂ ಕಡಿಸಿದೆವು.

ಈಗ ರಾತ್ರಿ ಸದ್ದಿಲ್ಲ. ಆದರೆ ಮರದಲ್ಲಿ ನಾಳೆ ಕೀಳೋಣ ಅಂದುಕೊಂಡ ಹಣ್ಣು ಬೆಳಿಗ್ಗೆ ಇರುವುದಿಲ್ಲ. ಅಮ್ಮ ಸಪೋಟ ಕಾಯಾಗಿರುವಾಗಲೇ ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದಾರೆ.