ಯೂನೋಸ್ ರೋಡ್‌ಸ್ಟರ್ ಪ್ರಾಜೆಕ್ಟ್: ಜಪಾನಿನದ್ದೇ ಯಾಕೆ ತರಿಸಿದೆ, ಇದುವರೆಗೆ ಏನೇನಾಯ್ತು

ಕೊನೆಗೂ ಕಾರು ಮನೆ ಮುಂದೆ ನಿಂತಿದೆ. ಮಜ್ದಾ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು, 1992ರ ಯೂನೋಸ್ ರೋಡ್‌ಸ್ಟರ್. 1.6 ಲೀಟರ್ ಎಂಜಿನ್, ಐದು ಗೇರು, ಕೆಂಪು ಬಣ್ಣ, ಮಡಚುವ ಕಪ್ಪು ಹುಡ್ (ಬಟ್ಟೆಯ ಮೇಲ್ಹೊದಿಕೆ). ಜಪಾನಿನಿಂದ ಹಡಗಿನಲ್ಲಿ ಸೌತಾಂಪ್ಟನ್‌ಗೆ, ಅಲ್ಲಿಂದ ಟ್ರಕ್ಕಿನಲ್ಲಿ ರೆಡಿಂಗ್‌ಗೆ ಬಂತು. ಇಲ್ಲಿನ ಕನ್ನಡದ ಗೆಳೆಯರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇದೇ ಕಾರು ಇಂಗ್ಲೆಂಡಿನಲ್ಲಿ ಎಂಎಕ್ಸ್-5 ಹೆಸರಲ್ಲಿ ಬೇಕಾದಷ್ಟು ಸಿಗುತ್ತಲ್ವಾ, ಅಷ್ಟು ದೂರದಿಂದ ಯಾಕೆ ತರಿಸಿದೆ? ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆ ಲೆಕ್ಕವನ್ನೇ ಬರೆಯುತ್ತೇನೆ.

ಮೊದಲಿಗೆ, ಎರಡೂ ಒಂದೇ ಕಾರು. 1989ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಮಜ್ದಾ ಇದನ್ನು ಯೂನೋಸ್ ಹೆಸರಿನ ಶೋರೂಮುಗಳಲ್ಲಿ ಮಾರಲು ಶುರು ಮಾಡಿತು. ಬ್ರಿಟನ್ನಿಗೆ 1990ರಲ್ಲಿ ಎಂಎಕ್ಸ್-5 ಹೆಸರಲ್ಲಿ ಬಂತು. ಎರಡೂ ತಯಾರಾಗಿದ್ದು ಹಿರೋಶಿಮಾದಲ್ಲೇ. ಅಂದರೆ ಇಲ್ಲಿಯವರು "ಯುಕೆ ಕಾರು" ಅನ್ನುವುದೂ ಜಪಾನಿನಿಂದಲೇ ಬಂದದ್ದು, ಹೊಸದಾಗಿದ್ದಾಗ ಬಂತು ಅಷ್ಟೇ. ಸ್ಟೀರಿಂಗ್ ಕೂಡ ಎರಡರಲ್ಲೂ ಬಲಗಡೆ. ಜಪಾನಿನ 1.6ಕ್ಕೆ 120 ಪಿಎಸ್ (ಅಶ್ವಶಕ್ತಿ), ಇಲ್ಲಿನದ್ದಕ್ಕೆ 115, ಓಡಿಸುವಾಗ ಅದು ಗೊತ್ತೇ ಆಗುವುದಿಲ್ಲ. ಜಪಾನಿನವುಗಳಲ್ಲಿ ಪವರ್ ಸ್ಟೀರಿಂಗ್, ಪವರ್ ವಿಂಡೋ, ಎಸಿ ಜಾಸ್ತಿ ಸಿಗುತ್ತವೆ. ಒಂದು ವಿಷಯ ಮಾತ್ರ ನೆನಪಿರಲಿ: 1995ರಲ್ಲಿ ಬ್ರಿಟನ್ನಿನಲ್ಲಿ ಕಡಿಮೆ ಬೆಲೆಗೆ ಅಂತ 90 ಪಿಎಸ್ ಆಸುಪಾಸಿನ 1.6 ಒಂದನ್ನು ಮಾರಿದರು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಅದು ಬೇಡ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ತುಕ್ಕಿನಲ್ಲಿ. ಇಲ್ಲಿ ನವೆಂಬರ್ ಬಂತೆಂದರೆ ರಸ್ತೆಗೆ ಉಪ್ಪು ಹಾಕುತ್ತಾರೆ. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆ ಅಂತಲೇ ದೊಡ್ಡ ಗಣಿ ಇದೆ. ಮೂವತ್ತು ವರ್ಷ ಆ ಉಪ್ಪುನೀರಿನಲ್ಲಿ ಓಡಾಡಿದ ಕಾರಿನ ಕೆಳಗೆ ಮಲಗಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರಲ್ಲೂ ಈ ಮೊದಲ ತಲೆಮಾರಿನ ಕಾರಿಗೆ ಒಂದು ವಿಶೇಷ ಕಾಯಿಲೆ. ಹುಡ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಕೊಳವೆಗಳಲ್ಲಿ ಇಳಿದು ಹಿಂಚಕ್ರದ ಮುಂದೆ ಹೊರಗೆ ಹೋಗಬೇಕು. ಎಲೆ, ಮಣ್ಣು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ನಿಲ್ಲುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಇರುವ ಆ ಉಕ್ಕಿನ ಪೆಟ್ಟಿಗೆಯೇ ಸಿಲ್, ಮೇಲೆ ಛಾವಣಿ ಇಲ್ಲದ ಕಾರಿಗೆ ಅದೇ ಬೆನ್ನೆಲುಬು. ಅದು ಒಳಗಿನಿಂದ ಕೊಳೆಯುತ್ತದೆ, ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಹಾಗಾಗಿ ನಾನು ಕಾರು ನೋಡಲು ಹೋದಾಗಲೆಲ್ಲ ಒಂದು ನೀರಿನ ಬಾಟಲಿ ಒಯ್ಯುತ್ತಿದ್ದೆ. ಹುಡ್ ಅರ್ಧ ತೆಗೆದು ಸೀಟ್ ಬೆಲ್ಟ್ ಕೂಡಿಸಿರುವ ಕಂಬದ ಪಕ್ಕ ನಿಧಾನಕ್ಕೆ ನೀರು ಸುರಿದು, ಕೆಳಗೆ ಬಗ್ಗಿ ಕಾಯುವುದು. ಆಕ್ಸ್‌ಫರ್ಡ್ ಹತ್ತಿರ ಒಂದು ಚೆಂದದ ಹಸಿರು ಯುಕೆ ಕಾರು ನೋಡಿದೆ. ಹೊರಗೆ ಹೊಳಪು, ಒಳಗೆ ಚರ್ಮದ ಸೀಟು, ಮಾಲೀಕರೂ ಒಳ್ಳೆಯವರು. ನೀರು ಹಾಕಿದೆ. ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಹಾಕಿದೆ. ಒಂದು ನಿಮಿಷದ ಮೇಲೆ ಹಿಂಚಕ್ರದ ಮುಂದಿನ ಮೂಲೆಯಿಂದ ಕಂದು ನೀರು ತೊಟ್ಟಿಕ್ಕಿತು, ಜೊತೆಗೆ ಉಗುರಿನಷ್ಟು ದೊಡ್ಡ ತುಕ್ಕಿನ ಚಕ್ಕೆ. ಮಾಲೀಕರು ಅದನ್ನು ಕೈಗೆ ತೆಗೆದುಕೊಂಡು ಸುಮ್ಮನೆ ನೋಡುತ್ತಾ ನಿಂತರು. ಅವರಿಗೂ ಗೊತ್ತಿರಲಿಲ್ಲ, ಪಾಪ.

ಹಳೇ ಇಂಪೋರ್ಟ್, ಹೊಸ ಇಂಪೋರ್ಟ್

ಇಷ್ಟು ಓದಿ "ಸರಿ, ಯೂನೋಸ್ ಅಂತ ಬರೆದಿದ್ದರೆ ಸಾಕು, ತುಕ್ಕು ಇರಲ್ಲ" ಅಂದುಕೊಳ್ಳಬೇಡಿ. ಈ ಮಾತನ್ನು ನಾನು ಜೋರಾಗಿಯೇ ಹೇಳಬೇಕು. ಈಗ ಇಲ್ಲಿ ಮಾರಾಟಕ್ಕಿರುವ ಯೂನೋಸ್‌ಗಳಲ್ಲಿ ಬಹಳಷ್ಟು 1990ರ ದಶಕದ ಕೊನೆಗೆ, 2000ದ ನಂತರ ಬಂದವು. ಬಂದಾಗ ಸಿಲ್‌ಗೆ ತುಕ್ಕಿರಲಿಲ್ಲ, ಸರಿ. ಆಮೇಲೆ ಇಪ್ಪತ್ತು ಚಳಿಗಾಲ ಇಲ್ಲಿನ ಉಪ್ಪನ್ನೇ ತಿಂದಿವೆ. ಜಪಾನಿನಿಂದ ಬಂದದ್ದಕ್ಕೆ ತುಕ್ಕಿಲ್ಲ ಎಂಬ ಹೆಸರು ಇದ್ದ ಕಾರಣಕ್ಕೇ ಹಲವರು ಕೆಳಗೆ ತುಕ್ಕು ತಡೆಯುವ ಮೇಣ ಹಚ್ಚಿಸಲೇ ಇಲ್ಲ. ಅವುಗಳ ಸ್ಥಿತಿ ಯುಕೆ ಕಾರಿಗಿಂತ ವಾಸಿ ಏನಲ್ಲ. ನಂಬರ್ ಪ್ಲೇಟ್ ನೋಡಿ ಹೇಳಲೂ ಆಗುವುದಿಲ್ಲ. ಇಲ್ಲಿನ ಪ್ಲೇಟಿನಲ್ಲಿ ವರ್ಷ ಸೂಚಿಸುವ ಅಕ್ಷರ ಇರುತ್ತದೆ, ಕಾರು ತಯಾರಾದ ವರ್ಷದ ಅಕ್ಷರವನ್ನೇ ಇಂಪೋರ್ಟಿಗೂ ಕೊಡುತ್ತಾರೆ. ನೋಡಬೇಕಾದದ್ದು ವಿ5ಸಿ ಎಂಬ ನೋಂದಣಿ ಲಾಗ್‌ಬುಕ್ಕಿನಲ್ಲಿ ಬ್ರಿಟನ್ನಿನಲ್ಲಿ ಮೊದಲು ನೋಂದಣಿ ಆದ ತಾರೀಖು. ಅದರ ಜೊತೆಗೆ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಎಂಒಟಿ (ವರ್ಷಕ್ಕೊಮ್ಮೆ ಮಾಡಿಸುವ ಸುರಕ್ಷತಾ ತಪಾಸಣೆ) ದಾಖಲೆ. 2005ರಿಂದ ಈಚಿನ ತಪಾಸಣೆಗಳು ಅಲ್ಲಿವೆ. "ಸಿಲ್ ತುಕ್ಕು, ಸದ್ಯಕ್ಕೆ ಪಾಸ್" ಎಂಬ ಷರಾ ವರ್ಷ ವರ್ಷ ಬರುತ್ತಿದ್ದು, ಒಂದು ವರ್ಷ ಏಕಾಏಕಿ ಮಾಯವಾಗಿ, ವೆಲ್ಡಿಂಗ್ ಬಿಲ್ಲು ಮಾತ್ರ ಎಲ್ಲೂ ಇಲ್ಲ ಅಂದರೆ ತುಕ್ಕು ಮುಚ್ಚಲು ಕೆಳಗೆ ದಪ್ಪಗೆ ಕಪ್ಪು ಬಳಿದಿದ್ದಾರೆ ಅಂತಲೇ ಲೆಕ್ಕ.

ಆದ್ದರಿಂದ ನಾನು ಯಾವ ದೇಶದ ಕಾರು ಅಂತ ಕೇಳುವುದನ್ನು ಬಿಟ್ಟೆ. ಎಷ್ಟು ಚಳಿಗಾಲ ಇಲ್ಲಿ ಕಳೆದಿದೆ ಅಂತ ಕೇಳಲು ಶುರು ಮಾಡಿದೆ. ಉತ್ತರ ಸೊನ್ನೆ ಆಗಬೇಕಿದ್ದರೆ ಈಗಲೇ ಜಪಾನಿನಿಂದ ತರಿಸಬೇಕು.

ಅಲ್ಲಿಯೂ ಕಣ್ಣುಮುಚ್ಚಿ ತರಿಸುವಂತಿಲ್ಲ. ಹೊಕ್ಕೈಡೋ, ನಿಗಾಟಾ ಕಡೆ ಹಿಮ ಬೀಳುತ್ತದೆ, ಅಲ್ಲೂ ರಸ್ತೆಗೆ ಉಪ್ಪು ಹಾಕುತ್ತಾರೆ. ನನ್ನದು ಒಕಾಯಾಮಾ ಕಡೆಯದ್ದು, ಒಳಸಮುದ್ರದ ದಂಡೆ, ಹಿಮ ಅಪರೂಪ. ಕೊಂಡದ್ದು ಅಲ್ಲಿನ ಹರಾಜಿನಲ್ಲಿ. ಕಾರಿನ ಸ್ಥಿತಿ ಬರೆದ ಹರಾಜಿನ ಹಾಳೆ ಓದಲು ಕಲಿತದ್ದು ಈ ಪ್ರಾಜೆಕ್ಟಿನಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಒಂದೇ ಪುಟ. ಮೂಲೆಯಲ್ಲಿ ಕಾರಿಗೆ ಕೊಟ್ಟ ಅಂಕ, 3.5 ಅಥವಾ 4 ಇದ್ದರೆ ಈ ವಯಸ್ಸಿಗೆ ಒಳ್ಳೆಯದು. 'ಆರ್' ಇದ್ದರೆ ಅಪಘಾತದ ರಿಪೇರಿ. ಕೆಳಗೆ ಕಾರಿನ ಚಿತ್ರ, ಅದರ ಮೇಲೆ ಗುರುತುಗಳು. 'ಎ' ಅಂದರೆ ಗೀರು, 'ಯು' ಅಂದರೆ ತಗ್ಗು, 'ಡಬ್ಲ್ಯು' ಅಂದರೆ ಬಣ್ಣ ಹೊಡೆದು ಸರಿ ಮಾಡಿದ ಜಾಗ, 'ಎಸ್' ಅಂದರೆ ತುಕ್ಕು. ಎರಡು 'ಎಕ್ಸ್' ಇದ್ದರೆ ಆ ಭಾಗವನ್ನೇ ಬದಲಾಯಿಸಿದ್ದಾರೆ. ನನ್ನ ಹಾಳೆಯಲ್ಲಿ ಮುಂದಿನ ಬಂಪರಿಗೆ 'ಎ', ಎಡ ಬಾಗಿಲಿಗೆ ಚಿಕ್ಕ 'ಯು', 'ಎಸ್' ಎಲ್ಲಿಯೂ ಇಲ್ಲ. ಕಾರು ಇಳಿದ ಮೇಲೆ ಹಾಳೆ ಹಿಡಿದು ಸುತ್ತು ಹಾಕಿದೆ. ಆ ತಗ್ಗು ಹೇಳಿದ ಜಾಗದಲ್ಲೇ ಇತ್ತು.

ತೆರಿಗೆಯ ವಿಷಯ ಹಲವರಿಗೆ ಗೊತ್ತಿಲ್ಲ. ಸಾಮಾನ್ಯವಾಗಿ ಹಳೇ ಕಾರು ತರಿಸಿದರೆ ಸುಂಕದ ಮೇಲೆ 20% ವ್ಯಾಟ್ ಬೀಳುತ್ತದೆ. ಆದರೆ ಕಾರಿಗೆ 30 ವರ್ಷ ದಾಟಿ, ಮೂಲ ಸ್ಥಿತಿಯಲ್ಲೇ ಇದ್ದು, ಆ ಮಾಡೆಲ್ ಈಗ ತಯಾರಾಗುತ್ತಿಲ್ಲ ಅಂದರೆ ಸುಂಕ ಇಲ್ಲ, ವ್ಯಾಟ್ 5% ಮಾತ್ರ. ಸುಮ್ನೆ ಟರ್ಬೊ, ದೊಡ್ಡ ಚಕ್ರ ಹಾಕಿದ ಕಾರು ಕೊಂಡರೆ ಈ ರಿಯಾಯಿತಿ ಕೈ ತಪ್ಪಬಹುದು. ಬಂದ 14 ದಿನದೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. 10 ವರ್ಷ ದಾಟಿದ ಕಾರಾದ್ದರಿಂದ ಐವಿಎ (ರಸ್ತೆಗಿಳಿಸಲು ಒಪ್ಪಿಗೆ ಕೊಡುವ) ತಪಾಸಣೆ ಬೇಡ, ಎಂಒಟಿ ಸಾಕು. ಊರಲ್ಲಿ ಮಾತ್ರ ಇದು ಆಗದ ಮಾತು. ಮೈಸೂರಿನ ತಮ್ಮ "ವಾಪಸ್ ಬರುವಾಗ ತಂದುಬಿಡು" ಅಂದ, ಭಾರತಕ್ಕೆ ತರುವ ಬಳಸಿದ ಕಾರು 3 ವರ್ಷಕ್ಕಿಂತ ಹಳೆಯದಾಗಿರಬಾರದು ಅಂತ ನಿಯಮ ಇದೆ ಎಂದು ಹೇಳಬೇಕಾಯಿತು.

ಇದುವರೆಗಿನ ಕೆಲಸ

ಮಂಜಿನ ದೀಪ. ಇಲ್ಲಿ ಹಿಂದೆ ಕೆಂಪು ಫಾಗ್ ಲೈಟ್ ಕಡ್ಡಾಯ, ಜಪಾನಿನ ಕಾರಿಗೆ ಅದು ಬರುವುದಿಲ್ಲ. ಬಂಪರಿನ ಕೆಳಗೆ ಬಲಗಡೆ ಒಂದು ಹಾಕಿ, ಒಳಗೆ ಸ್ವಿಚ್ಚು ಮತ್ತು ಸೂಚನೆ ದೀಪ ಕೊಟ್ಟೆ. ಮುಗಿಯಿತು.

ಸ್ಪೀಡೋಮೀಟರ್ ಬಗ್ಗೆ ಮಾತ್ರ ತುಂಬಾ ಯೋಚಿಸಿದೆ. ಮೀಟರ್ 180 ಕಿ.ಮೀ.ವರೆಗೆ, ಇಲ್ಲಿ ಮೈಲಿ ತೋರಿಸಲೇಬೇಕು. ಈ ಕಾರಿನಲ್ಲಿ ಮೀಟರ್ ಓಡುವುದು ಕೇಬಲ್‌ನಿಂದ, ಆದ್ದರಿಂದ ಮಧ್ಯೆ ಒಂದು ಚಿಕ್ಕ ಗೇರ್ ಪೆಟ್ಟಿಗೆ ಹಾಕಿ ವೇಗವನ್ನೇ ಮೈಲಿಗೆ ಇಳಿಸಬಹುದು. ಹಾಗೆ ಮಾಡಿದರೆ ಒಟ್ಟು ಓಡಿದ ದೂರ ಎಣಿಸುವ ಓಡೋಮೀಟರ್ ಕೂಡ ಅವತ್ತಿನಿಂದ ಮೈಲಿ ಎಣಿಸುತ್ತದೆ, ಅರ್ಧ ಕಿಲೋಮೀಟರ್ ಅರ್ಧ ಮೈಲಿ ಸೇರಿದ ಆ ಸಂಖ್ಯೆಗೆ ಯಾವ ಅರ್ಥವೂ ಇರುವುದಿಲ್ಲ. ಎಷ್ಟೋ ಹಳೇ ಇಂಪೋರ್ಟ್‌ಗಳ ಇತಿಹಾಸ ಕಲಸಿಹೋಗಿರುವುದು ಹೀಗೇ. ನಾನು ಮೈಲಿ ಅಚ್ಚಾದ ಹೊಸ ಮುಖಹಾಳೆ ಮಾತ್ರ ಅಂಟಿಸಿದೆ. ಮುಳ್ಳು ಮೊದಲಿನಂತೆಯೇ ತಿರುಗುತ್ತದೆ, ಓಡೋಮೀಟರ್ ಕಿಲೋಮೀಟರಿನಲ್ಲೇ ಮುಂದುವರಿಯುತ್ತದೆ, ಹರಾಜಿನ ಹಾಳೆಗೆ ಸರಿಯಾಗಿ ಕೂರುತ್ತದೆ. ಎಂಒಟಿ ಮಾಡುವವರಿಗೆ "ದಯವಿಟ್ಟು ಕಿ.ಮೀ. ಅಂತಲೇ ನಮೂದಿಸಿ" ಅಂತ ಮೊದಲೇ ಹೇಳಿದೆ.

ಎಂಜಿನ್. ಬಾನೆಟ್ ಎತ್ತಿದರೆ ಒಳಗೆ ಒಂದು ಮಾಸಿದ ಸ್ಟಿಕ್ಕರ್, ಟೈಮಿಂಗ್ ಬೆಲ್ಟ್ (ವಾಲ್ವು, ಪಿಸ್ಟನ್‌ಗಳನ್ನು ಒಂದೇ ತಾಳದಲ್ಲಿಡುವ ಪಟ್ಟಿ) ಬದಲಾಯಿಸಿದಾಗ ಅಲ್ಲಿನ ಗ್ಯಾರೇಜಿನವರು ಅಂಟಿಸಿದ್ದು. ಕೈಬರಹದಲ್ಲಿ ವರ್ಷ 22, ಕೆಳಗೆ 71 ಸಾವಿರ ಕಿ.ಮೀ. ಅದು ಜಪಾನಿನ ಹೆಯ್ಸೇ ಶಕೆಯ 22, ಅದಕ್ಕೆ 1988 ಕೂಡಿಸಿದರೆ ನಮ್ಮ ಲೆಕ್ಕದಲ್ಲಿ 2010. ಈಗ ಓಡಿರುವುದು 87 ಸಾವಿರ. ದೂರದ ಲೆಕ್ಕದಲ್ಲಿ ಬೆಲ್ಟಿಗೆ ಇನ್ನೂ ಆಯಸ್ಸಿತ್ತು, ವರ್ಷದ ಲೆಕ್ಕದಲ್ಲಿ ಇಲ್ಲ. ಈ 1.6ರಲ್ಲಿ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ ಗುದ್ದಿಕೊಳ್ಳುವುದಿಲ್ಲ, ಆದರೂ ಹೊಸದು ಹಾಕಿದೆ. ಅಲ್ಲೇ ಕೈ ಹಾಕಿದ್ದಾಗ ವಾಟರ್ ಪಂಪು, ಸೀಲುಗಳು, ಮತ್ತು ಎಂಜಿನ್ ಹಿಂಬದಿಯ ಕ್ಯಾಮ್ ಸೆನ್ಸರಿನ ರಬ್ಬರ್ ಉಂಗುರವೂ ಹೊಸದು. ಆ ಉಂಗುರದಿಂದ ಎಣ್ಣೆ ಸೋರುವುದು ಈ ಎಂಜಿನ್ನಿನ ಹುಟ್ಟುಗುಣ. ಎಂಜಿನ್ನಿನ ಮುಖ್ಯ ದಂಡದ (ಕ್ರ್ಯಾಂಕ್) ತುದಿಯ ಪುಲ್ಲಿಯಲ್ಲಿ ಎಂಟು ಸೀಳು ಇದೆಯಾ ಅಂತಲೂ ನೋಡಿದೆ, ಇದೆ. ನಾಲ್ಕೇ ಇದ್ದರೆ 1991ರಲ್ಲಿ ಕೈಬಿಟ್ಟ ಗಿಡ್ಡ ಮೂತಿಯ ಕ್ರ್ಯಾಂಕು, ಅದರ ಬೋಲ್ಟ್ ಸಡಿಲಾಗಿ ಎಂಜಿನ್ ಹಾಳಾದ ಕಾರುಗಳಿವೆ. ಯುಕೆ ಕಾರಾಗಲಿ ಯೂನೋಸ್ ಆಗಲಿ, ಹಳೆಯದು ಕೊಳ್ಳುವಾಗ ಇದನ್ನು ನೋಡಲೇಬೇಕು.

ರೇಡಿಯೊವನ್ನು ಬದಲಾಯಿಸಿಲ್ಲ. ಈ ಜಪಾನಿ ರೇಡಿಯೊ ಹಿಡಿಯುವ ಎಫ್‌ಎಂ 76ರಿಂದ 90 ಮೆಗಾಹರ್ಟ್ಜ್, ಇಲ್ಲಿನದ್ದು 87.5ರ ಮೇಲೆ. ಹಾಗಾಗಿ ಬಿಬಿಸಿ ರೇಡಿಯೊ 2 ಒಂದೇ ಸಿಗುತ್ತದೆ. ಕ್ಯಾಸೆಟ್ ಓಡುತ್ತದಲ್ಲ, ಊರಿನಿಂದ ತಂದ ಭಾವಗೀತೆ ಕ್ಯಾಸೆಟ್ಟುಗಳಿಗೆ ಕೊನೆಗೂ ಒಂದು ಜಾಗ ಸಿಕ್ಕಿತು.

ಎಲ್ಲಕ್ಕಿಂತ ಮುಖ್ಯ ಕೆಲಸ ಮೇಣ. ಕಾರು ಬಂದದ್ದು ಬೇಸಿಗೆಯಲ್ಲಿ, ಉಪ್ಪು ಬೀಳುವ ಮೊದಲೇ ಮುಗಿಸಬೇಕಿತ್ತು. ಸಿಲ್‌ನ ರಬ್ಬರ್ ಬಿರಡೆಗಳನ್ನು ತೆಗೆದು ಒಳಗೆ ಚಿಕ್ಕ ಕ್ಯಾಮೆರಾ ಬಿಟ್ಟೆ. ಒಳಗೆ ಕಾರ್ಖಾನೆಯ ಬಣ್ಣ, ಅದರ ಮೇಲೆ ಧೂಳು, ಬೆಸುಗೆ ಹಾಕಿದ ಅಂಚಿನಲ್ಲಿ ಮಾತ್ರ ತೆಳ್ಳಗೆ ಕಂದು ಗೆರೆ. ಆ ಹಸಿರು ಕಾರಿನ ಚಕ್ಕೆ ನೋಡಿದ ಮೇಲೆ ಇದನ್ನು ನೋಡಿ ಎಷ್ಟು ನೆಮ್ಮದಿ ಆಯಿತು ಅಂದರೆ, ಆ ವಿಡಿಯೊವನ್ನು ಗೆಳೆಯರಿಗೆಲ್ಲ ಕಳಿಸಿದೆ. ಕೊಳವೆ ತೊಳೆದು, ಎರಡು ದಿನ ಒಣಗಲು ಬಿಟ್ಟು, ಉದ್ದ ಮೂತಿಯ ನಳಿಗೆಯಿಂದ ಮೇಣ ಸಿಂಪಡಿಸಿದೆ. ಕೆಳಗಿನ ರಂಧ್ರಗಳಿಂದ ಮೇಣ ತೊಟ್ಟಿಕ್ಕುವವರೆಗೂ ಬಿಡಲಿಲ್ಲ.

ಯುಕೆ ಕಾರಿನ ಪರವಾಗಿಯೂ ಹೇಳಬೇಕಾದ್ದಿದೆ. ಗೆಳೆಯನೊಬ್ಬನ ಹತ್ತಿರ 1994ರ 1.8 ಯುಕೆ ಕಾರು ಇದೆ. ಎರಡೂ ಸಿಲ್ ಹೊಸದಾಗಿ ಬೆಸೆಸಿದ್ದಾನೆ, ಪ್ರತಿ ಹಂತದ ಫೋಟೊ ಇದೆ, ಮೊದಲ ಮಾಲೀಕರ ಕಾಲದಿಂದ ಬಿಲ್ಲುಗಳ ಫೈಲು ಇದೆ. ಅಂಥ ಕಾರು ಸಿಕ್ಕರೆ ಬಿಡಬೇಡಿ. ಕೊಳ್ಳುವ ಮೊದಲು ಓಡಿಸಿ ನೋಡಬಹುದು, ವಿಮೆ ಸುಲಭ, ಹಡಗಿಗೆ ಕಾಯಬೇಕಿಲ್ಲ. ನನಗೆ ಕಾರನ್ನು ಮುಟ್ಟದೆ ದುಡ್ಡು ಕಟ್ಟಬೇಕಾಯಿತು, ಒಂದೆರಡು ವಿಮೆ ಕಂಪನಿಗಳು ಇಂಪೋರ್ಟ್ ಅಂದ ತಕ್ಷಣ ಬೇಡ ಅಂದವು. ನಾನು ಬೇಡ ಅನ್ನುವುದು ಇವೆರಡರ ನಡುವಿನದ್ದನ್ನು: ಫೈಲೂ ಇಲ್ಲದ, ಸಿಲ್ಲೂ ಇಲ್ಲದ, ಹೊಸ ಬಣ್ಣ ಹೊಡೆದ ಕಾರು.

ಇನ್ನು ಉಳಿದದ್ದು ಎಸಿ ಮತ್ತು ಟೈರು. ಎಸಿಯಲ್ಲಿದ್ದದ್ದು ತಂಪು ಮಾಡುವ ಹಳೇ ಆರ್12 ಅನಿಲ, ಅದು ಈಗ ನಿಷಿದ್ಧ, ಆರ್134ಎ ಅನಿಲಕ್ಕೆ ಬದಲಾಯಿಸಲು ಕೊಳವೆಯ ಸೀಲುಗಳು ಬೇಕು, ಆರ್ಡರ್ ಮಾಡಿದ್ದೇನೆ. ಟೈರುಗಳ ಟ್ರೆಡ್ ಇನ್ನೂ ಚೆನ್ನಾಗಿದೆ, ಆದರೆ ಪಕ್ಕದಲ್ಲಿ ಅಚ್ಚಾದ ತಾರೀಖು ತೀರಾ ಹಳೆಯದು, ರಬ್ಬರು ಗಟ್ಟಿಯಾಗಿದೆ. 185/60, 14 ಇಂಚಿನ ಟೈರು ಈಗ ಹುಡುಕಬೇಕು. ಯಾರಾದರೂ ಈ ಅಳತೆಯದ್ದನ್ನು ಇತ್ತೀಚೆಗೆ ಹಾಕಿಸಿ ಮಳೆಯಲ್ಲಿ ಓಡಿಸಿದ್ದರೆ ಯಾವುದು ಅಂತ ತಿಳಿಸಿ, ಮುಂದಿನ ವಾರ ಹಾಕಿಸುತ್ತೇನೆ.