ಸಾಲ್ಮೊನೆಲ್ಲಾಗೆ ಗಂಟುಬಿದ್ದ ಪಿ22

ಇವತ್ತೆಲ್ಲ ತಲೆಯಲ್ಲಿ ಪಿ22 ಎಂಬ ಫೇಜ್ ಕೂತಿದೆ. ಫೇಜ್ ಅಂದರೆ ಬ್ಯಾಕ್ಟೀರಿಯಾವನ್ನೇ ಹಿಡಿಯುವ ವೈರಸ್. ಇದು ಹಿಡಿಯುವುದು ಆಹಾರದ ಜೊತೆ ಒಳಸೇರಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾವನ್ನು.

ಇದಕ್ಕೆ ಕಣ್ಣಿಲ್ಲ, ಈಜಲೂ ಬರಲ್ಲ. ತೇಲುತ್ತಾ ಡಿಕ್ಕಿ ಹೊಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಲ್ಮೊನೆಲ್ಲಾದ ಮೈಮೇಲೆ ಸಕ್ಕರೆ ಅಣುಗಳ ಸರಪಳಿಗಳು ಕೂದಲಿನ ಹಾಗೆ ಎದ್ದು ನಿಂತಿರುತ್ತವೆ. ಪಿ22ರ ಬಾಲದ ಮುಳ್ಳು ಅವಕ್ಕೇ ಅಂಟುತ್ತದೆ. ಅಂಟಿ ಸುಮ್ನೆ ಕೂರಲ್ಲ, ಕತ್ತರಿಸುತ್ತಾ ಹೊರಪೊರೆಯವರೆಗೆ ಇಳಿಯುತ್ತದೆ. ಗುರುತು ಹಿಡಿಯುವುದೂ ಕತ್ತರಿಸುವುದೂ ಒಂದೇ ಪ್ರೋಟೀನ್! ಆಮೇಲೆ ಡಿಎನ್ಎ ಒಳಗೆ, ಖಾಲಿ ಚಿಪ್ಪು ಹೊರಗೆ.

ಒಂದು ತಕರಾರಿದೆ. ಪಿ22ರ ಡಿಎನ್ಎ ಕೆಲವೊಮ್ಮೆ ಬ್ಯಾಕ್ಟೀರಿಯಾದ ಡಿಎನ್ಎಯಲ್ಲೇ ಸೇರಿಕೊಂಡು, ಅದನ್ನು ಕೊಲ್ಲದೆ ತೆಪ್ಪಗಿದ್ದುಬಿಡುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲೆಂದು ಆಹಾರಕ್ಕೆ ಫೇಜ್ ಸಿಂಪಡಿಸುವುದಾದರೆ ಇಂಥದ್ದು ಬೇಡ, ಕೊಂದೇ ತೀರುವ ಜಾತಿ ಬೇಕು. 2006ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ನೇರ ತಿನ್ನಲು ಸಿದ್ಧವಾದ ಮಾಂಸದ ಮೇಲೆ ಬಳಸಲು ಒಪ್ಪಿಗೆ ಕೊಟ್ಟದ್ದು ಲಿಸ್ಟೀರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಂಥ ಫೇಜ್‌ಗಳ ಮಿಶ್ರಣಕ್ಕೆ.

ನನಗೆ ಜಾಸ್ತಿ ಮಜಾ ಅನಿಸಿದ್ದು ಸಾಲ್ಮೊನೆಲ್ಲಾದ ಫಜೀತಿ. ಅತ್ತ ದರಿ, ಇತ್ತ ಪುಲಿ. ಸರಪಳಿ ಇಟ್ಟುಕೊಂಡರೆ ಪಿ22 ಹಿಡಿಯುತ್ತದೆ. ಬಿಟ್ಟುಕೊಟ್ಟರೆ ಅದರಿಂದ ಬಚಾವ್. ಆದರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯಿಂದ ಅದನ್ನು ಕಾಯುತ್ತಿದ್ದದ್ದೂ ಅದೇ ಸರಪಳಿ ಅಲ್ವಾ!